ಸಂಘದ ದುಡ್ಡಲ್ಲಿ ವರ್ಚುವಲ್ ಊರು ಕಟ್ಟಬಹುದಾ?

ಪ್ರಶ್ನೆ: ನಾನು ಮುಂಬಯಿ ಹತ್ತಿರದ ಡೊಂಬಿವಲಿಯಲ್ಲಿರುವವಳು. ನಮ್ಮ ಕನ್ನಡ ಸಂಘಕ್ಕೆ ಹೋಟೆಲ್ ನಡೆಸುವ ಹಿರಿಯರೊಬ್ಬರು ಮೂರು ಲಕ್ಷ ರೂಪಾಯಿ ಕೊಡಲು ಮುಂದೆ ಬಂದಿದ್ದಾರೆ. ಇಲ್ಲೇ ಹುಟ್ಟಿದ ಮಕ್ಕಳಿಗೆ ಊರು ಅಂದರೆ ಏನು ಅಂತ ಗೊತ್ತಾಗಲಿ, ವಿಆರ್ ಹೆಡ್‌ಸೆಟ್ (ಕಂಪ್ಯೂಟರಿನಲ್ಲಿ ಕಟ್ಟಿದ ಲೋಕವನ್ನು ಸುತ್ತಲೂ ತೋರಿಸುವ ದೊಡ್ಡ ಕನ್ನಡಕ) ಹಾಕಿಕೊಂಡರೆ ಊರೊಳಗೇ ಓಡಾಡಿದ ಹಾಗಿರಬೇಕು ಎನ್ನುವುದು ಅವರ ಆಸೆ. ಒಂದು ಕಂಪನಿ ಅಷ್ಟೇ ಹಣಕ್ಕೆ ಪೂರ್ತಿ 'ವರ್ಚುವಲ್ ಕರಾವಳಿ' ಕಟ್ಟಿಕೊಡ್ತೀವಿ ಎಂದಿದೆ. ಕಮಿಟಿಯಲ್ಲಿ ಅರ್ಧ ಜನ ಇದು ಆಟಿಕೆ, ಮಕ್ಕಳು ಹಾಳಾಗ್ತಾರೆ ಅಂತಾರೆ. ಇನ್ನರ್ಧ ಜನ ಮುಂದಿನ ಕಾಲವೇ ಇದು, ನಾವು ಹಿಂದೆ ಬೀಳಬಾರದು ಅಂತಾರೆ. ನನಗೆ 11 ವರ್ಷದ ಮಗ ಇದ್ದಾನೆ. 78 ವರ್ಷದ ಮಾವ ಇದ್ದಾರೆ, ಮಂಡಿನೋವಿನಿಂದ ಐದು ವರ್ಷದಿಂದ ಊರಿಗೆ ಹೋಗಿಲ್ಲ. ಇದರಿಂದ ನಿಜವಾಗಿ ನಾಲ್ಕು ಜನಕ್ಕೆ ಉಪಯೋಗ ಆಗುತ್ತಾ? ಆಗುವುದಾದರೆ ಹೇಗೆ ಮಾಡಬೇಕು?

ಉತ್ತರ: ಉಪಯೋಗ ಖಂಡಿತ ಆಗುತ್ತದೆ. ಆದರೆ ಆ ಕಂಪನಿಯ ಕಾಗದಕ್ಕೆ ಈಗಲೇ ಸಹಿ ಹಾಕಬೇಡಿ. ಯಾಕೆ ಅಂತ ಹೇಳುತ್ತೇನೆ, ಸ್ವಲ್ಪ ಉದ್ದವಾಗುತ್ತದೆ.

ನಾನು ಧಾರವಾಡದವನು. ಪುಣೆಗೆ ಬಂದು ಹದಿನಾಲ್ಕು ವರ್ಷವಾಯಿತು. ಮೊದಲು ತ್ರೀಡಿ ಚಿತ್ರದ ಕೆಲಸ, ಆಮೇಲೆ ವಿಆರ್. ಕಾರ್ಖಾನೆಗಳಿಗೆ, ಕಟ್ಟಡ ಕಟ್ಟುವವರಿಗೆ ತರಬೇತಿ ಮಾಡಿಕೊಡುವುದೇ ನನ್ನ ಜೀವನ. ಇಷ್ಟು ವರ್ಷದಲ್ಲಿ ನನಗೆ ಗಟ್ಟಿಯಾದ ಮಾತು ಒಂದೇ. ವರ್ಚುವಲ್ ಲೋಕ ಅಂದರೆ ಒಂದು ಜಾಗ. ನಿಮ್ಮ ಕಮಿಟಿಯಲ್ಲಿ ಬೇಕು ಅನ್ನುವವರೂ ಬೇಡ ಅನ್ನುವವರೂ ಅದನ್ನು ಒಂದು ಸಾಮಾನು ಅಂದುಕೊಂಡಿದ್ದಾರೆ, ಟಿವಿ ಇದ್ದ ಹಾಗೆ. ನಿಮ್ಮ ಸಂಘದ ಹಾಲ್ ಇದೆಯಲ್ಲ, ಅದರ ಹಾಗೆ ಯೋಚಿಸಿ. ಹಾಲ್ ವಿಷಯದಲ್ಲಿ ಏನು ಕೇಳುತ್ತೀರಿ? ಬೀಗದ ಕೈ ಯಾರ ಹತ್ತಿರ ಇರುತ್ತದೆ? ಮೆಟ್ಟಿಲು ಹತ್ತಲಾಗದವರು ಹೇಗೆ ಬರುತ್ತಾರೆ? ಮಕ್ಕಳು ಸೇರಿದಾಗ ದೊಡ್ಡವರು ಯಾರು ಇರುತ್ತಾರೆ? ಕಸ ಯಾರು ಗುಡಿಸುತ್ತಾರೆ? ವರ್ಚುವಲ್ ಊರಿಗೂ ಇವೇ ಪ್ರಶ್ನೆ. ಇವಕ್ಕೆ ಉತ್ತರ ಇದ್ದರೆ ಅದು ಜನಕ್ಕೆ ಆಗುತ್ತದೆ. ಇಲ್ಲದಿದ್ದರೆ ಎಷ್ಟು ಚೆಂದ ಕಟ್ಟಿದರೂ ಒಂದು ವರ್ಷಕ್ಕೆ ಧೂಳು ಹಿಡಿಯುತ್ತದೆ.

ಆಟಿಕೆ ಅನ್ನುವವರಿಗೆ ಮೊದಲು ಉತ್ತರ ಕೊಡುತ್ತೇನೆ. ಪುಣೆ, ಮುಂಬಯಿಯ ಕಟ್ಟಡಗಳಲ್ಲಿ ದುಡಿಯಲು ಕಲಬುರಗಿ, ಯಾದಗಿರಿ ಕಡೆಯಿಂದ ಎಷ್ಟು ಜನ ಬರುತ್ತಾರೆ, ನಿಮಗೂ ಗೊತ್ತು. ಎತ್ತರದಲ್ಲಿ ಕೆಲಸ ಮಾಡುವುದನ್ನು ಕಲಿಸಲು ನಾವು ಒಂದು ತರಬೇತಿ ಮಾಡಿದ್ದೆವು. ಹೆಡ್‌ಸೆಟ್ ಹಾಕಿದರೆ ಹತ್ತನೇ ಮಹಡಿಯ ಸಾರವೆ ಮೇಲೆ ನಿಂತಿರುತ್ತೀರಿ. ಇಲ್ಲಿ ಅದನ್ನು ಪರಾಂಚಿ ಅನ್ನುತ್ತಾರೆ. ಸೇಫ್ಟಿ ಬೆಲ್ಟಿನ ಕೊಕ್ಕೆಯನ್ನು ಎಲ್ಲಿ ಸಿಕ್ಕಿಸಬೇಕು, ಎಲ್ಲಿ ಸಿಕ್ಕಿಸಬಾರದು ಅಂತ ಕೈಯಿಂದಲೇ ಮಾಡಬೇಕು. ಮೊದಲ ದಿನ ಒಬ್ಬ ಹುಡುಗ ಬಂದ. ತಾನು ನಿಂತಿರುವುದು ಕ್ಯಾಂಟೀನಿನ ನೆಲದ ಮೇಲೆ ಅಂತ ಅವನಿಗೆ ಚೆನ್ನಾಗಿ ಗೊತ್ತು. ಆದರೂ ಅಂಚಿಗೆ ಬಂದವನು ಎರಡು ಹೆಜ್ಜೆ ಹಿಂದೆ ಸರಿದು ಗೋಡೆ ಹುಡುಕಿದ. ಮೈ ನಂಬಿಬಿಡುತ್ತದೆ. ತಪ್ಪು ಮಾಡಿದರೂ ಪ್ರಾಣ ಹೋಗದ ಜಾಗದಲ್ಲಿ ಮೈಗೆ ಅಭ್ಯಾಸ ಮಾಡಿಸುವುದು, ಅದೇ ಇದರ ದೊಡ್ಡ ಲಾಭ.

ಆ ತರಬೇತಿಯಲ್ಲಿ ಮಾತು ಹಿಂದಿಯಲ್ಲಿತ್ತು, ಮರಾಠಿಯಲ್ಲಿತ್ತು. ಹುಡುಗರು ಸುಮ್ನೆ ಮುಗಿಸಿ ಹೋಗುತ್ತಿದ್ದರು. ಕನ್ನಡದ ಧ್ವನಿ ಸೇರಿಸಿದ ಮೇಲೆ ಹೆಡ್‌ಸೆಟ್ ತೆಗೆದು ಪ್ರಶ್ನೆ ಕೇಳಲು ಶುರುಮಾಡಿದರು. ಬೆಲ್ಟಿನ ಹೊಲಿಗೆ ಹರಿದಿದ್ದರೆ ಯಾರಿಗೆ ಹೇಳಬೇಕು, ಹೇಳಿದರೆ ಅವತ್ತಿನ ಪಗಾರ ಕಟ್ ಆಗುತ್ತಾ ಅಂತ. ಅಲ್ಲಿಯವರೆಗೆ ಯಾರೂ ಅದನ್ನು ಕೇಳಿರಲಿಲ್ಲ.

ಆಸ್ಪತ್ರೆಗಳಲ್ಲೂ ಇದು ಹೊಸದಲ್ಲ. 2002ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ವಿಆರ್‌ನಲ್ಲಿ ಅಭ್ಯಾಸ ಮಾಡಿದ ಯುವ ಸರ್ಜನ್‌ಗಳು ಪಿತ್ತಕೋಶದ ಆಪರೇಷನ್ನಿನ ಮುಖ್ಯ ಹಂತವನ್ನು 29% ಬೇಗ ಮುಗಿಸಿದರು, ತಪ್ಪುಗಳೂ ತುಂಬಾ ಕಡಿಮೆ. ವಾಷಿಂಗ್ಟನ್ ವಿಶ್ವವಿದ್ಯಾಲಯದವರು ಸುಟ್ಟಗಾಯದ ರೋಗಿಗಳಿಗಾಗಿ ಒಂದು ಹಿಮದ ಲೋಕ ಮಾಡಿದರು. ಗಾಯ ತೊಳೆಯುವಾಗ ರೋಗಿ ಅದರೊಳಗೆ ಹಿಮದ ಉಂಡೆ ಎಸೆಯುತ್ತಾ ಇರುತ್ತಾನೆ, ಗಮನ ಆ ಕಡೆ ಹೋಗಿ ನೋವು ಕಡಿಮೆ ಅನಿಸುತ್ತದೆ. ಆದ್ದರಿಂದ ಆಟಿಕೆ ಅನ್ನುವ ಮಾತನ್ನು ಇಲ್ಲಿಗೆ ಬಿಡೋಣ.

ಈಗ ನಿಮ್ಮ ವಿಷಯಕ್ಕೆ ಹತ್ತಿರದ್ದು. ಕೆಲವು ವರ್ಷದ ಹಿಂದೆ ಪುಣೆಯಲ್ಲಿ ನಮ್ಮ ಕಡೆಯವರ ಒಂದು ಕಾರ್ಯಕ್ರಮಕ್ಕೆ ನಾವು ನಾಲ್ಕೈದು ಜನ ಸೇರಿ ಒಂದು ವರ್ಚುವಲ್ ಮನೆ ಮಾಡಿದ್ದೆವು. ಉತ್ತರ ಕರ್ನಾಟಕದ ಹಳೆ ಮನೆ. ಕಟ್ಟೆ, ಪಡಸಾಲೆ, ದನ ಕಟ್ಟುವ ಜಾಗ, ನೆಲದಲ್ಲಿ ಹಗೇವು. ಹಗೇವು ಅಂದರೆ ಜೋಳ ತುಂಬಿಡುವ ನೆಲದೊಳಗಿನ ಕಣಜ, ನಿಮ್ಮ ಕಡೆ ಇರಲಿಕ್ಕಿಲ್ಲ. ವಿಜಯಪುರ ಕಡೆಯ ಒಬ್ಬ ಅಜ್ಜಿಗೆ ಹೆಡ್‌ಸೆಟ್ ಹಾಕಿದೆವು. ಹಾಕುವುದೇ ಕಷ್ಟವಾಯಿತು. ಹಿಂದಿನ ಪಟ್ಟಿ ಸರಿಯಾಗಿ ತುರುಬಿನ ಮೇಲೆ ಬರುತ್ತದೆ. ತುರುಬು ಬಿಚ್ಚಿ ಕೆಳಗೆ ಕಟ್ಟಿಕೊಳ್ಳಬೇಕಾಯಿತು. ಮುಖಕ್ಕೆ ತಾಗುವ ಸ್ಪಂಜಿಗೆ ಕುಂಕುಮ ಮೆತ್ತಿತು. ಇದನ್ನು ಮಾಡಿದವರು ಅಜ್ಜಿಯಂದಿರ ತಲೆಯನ್ನು ನೆನೆದೇ ಇಲ್ಲ ಅಂತ ಅವತ್ತು ನನಗೆ ನಿಜವಾಗಿ ಬೇಸರವಾಯಿತು.

ಅಜ್ಜಿ ಮನೆಯೆಲ್ಲ ನೋಡಿದರು. ಕತ್ತು ತಿರುಗಿಸಿ ಮೇಲೆ ಕೆಳಗೆ ನೋಡಿದರು. ಒಂದೆರಡು ನಿಮಿಷ ಬಿಟ್ಟು ಹೇಳಿದರು: "ಮನಿ ಛಲೋ ಐತಿ. ಆದ್ರ ಇಲ್ಲಿ ಯಾರೂ ಇಲ್ಲಲ್ಲೋ." ಹೆಡ್‌ಸೆಟ್ ತೆಗೆಯಲು ಕೈ ಹಾಕಿದರು.

ನಮ್ಮ ಹತ್ತಿರ ಇನ್ನೊಂದು ಹೆಡ್‌ಸೆಟ್ ಇತ್ತು. ಅವರ ಮೊಮ್ಮಗನನ್ನು ಅದೇ ಮನೆಗೆ ಕಳಿಸಿದೆವು. ಒಳಗೆ ಅವನು ಕಾಲಿಲ್ಲದ ಒಂದು ನೀಲಿ ಗೊಂಬೆ. ಆದರೆ ಧ್ವನಿ ಅವನದೇ. ಅಜ್ಜಿ ಮೊದಲು ಕಾಲೆಲ್ಲಿ ಅಂತ ಕೇಳಿದರು. ಆಮೇಲೆ ಅವನನ್ನು ಹಗೇವಿನ ಹತ್ತಿರ ಕರೆದರು. ನಾವು ಅದನ್ನು ಚೆಂದಕ್ಕೆ ಅಂತ ಒಂದು ಕಲ್ಲಿನ ಮುಚ್ಚಳ ಮಾಡಿಟ್ಟಿದ್ದೆವು, ಅಷ್ಟೇ. ಅಜ್ಜಿ ಅದರ ಪಕ್ಕ ನಿಂತು ಹೇಳುತ್ತಾ ಹೋದರು. ಮುಚ್ಚಳ ತೆಗೆದ ಕೂಡಲೇ ಇಳಿಯಬಾರದು. ಒಳಗೆ ಉಸಿರು ಕಟ್ಟುತ್ತದೆ. ಸ್ವಲ್ಪ ಹೊತ್ತು ಬಿಟ್ಟು ಹಗ್ಗಕ್ಕೆ ದೀಪ ಕಟ್ಟಿ ಇಳಿಸಬೇಕು. ದೀಪ ಆರಿದರೆ ಯಾರೂ ಇಳಿಯುವಂತಿಲ್ಲ. ಹುಡುಗ ಕೇಳಿದ, ನೀನು ಇಳಿದಿದ್ದೀಯಾ ಅಂತ. ಅಲ್ಲಿಂದ ಕಾಲು ಗಂಟೆ ಇಬ್ಬರೂ ಹೊರಗೆ ಬರಲಿಲ್ಲ.

ನಾವು ರೆಕಾರ್ಡಿಂಗ್ ಹಾಕಿರಲಿಲ್ಲ. ಆ ಕಾಲು ಗಂಟೆ ಹೋಯಿತು. ಅದಕ್ಕೇ ಈಗ ಯಾರು ಕೇಳಿದರೂ ಮೊದಲು ಹೇಳುತ್ತೇನೆ: ಒಂದು ಹೆಡ್‌ಸೆಟ್ ಬೇಡ, ಎರಡು ತೆಗೆದುಕೊಳ್ಳಿ. ಮತ್ತು ಕೇಳಿ ಒಪ್ಪಿಗೆ ಪಡೆದು ಧ್ವನಿ ರೆಕಾರ್ಡ್ ಮಾಡಿ. ಒಬ್ಬರೇ ನೋಡುವ ಊರು ಪೋಸ್ಟ್‌ಕಾರ್ಡಿನ ಚಿತ್ರದ ಹಾಗೆ. ಅಲ್ಲಿ ಇನ್ನೊಬ್ಬರು ಬಂದಾಗಲೇ ಅದು ಊರಾಗುತ್ತದೆ.

ಇನ್ನು ಬೀಗದ ಕೈ ವಿಷಯ. ಇಲ್ಲಿ ಜಾಸ್ತಿ ಹೊತ್ತು ನಿಲ್ಲುತ್ತೇನೆ. ನಿಮ್ಮ ಮೂರು ಲಕ್ಷ ಉಳಿಯುವುದೂ ಮುಳುಗುವುದೂ ಇಲ್ಲೇ.

ಆಲ್ಟ್‌ಸ್ಪೇಸ್‌ವಿಆರ್ ಅಂತ ಒಂದು ಲೋಕ ಇತ್ತು. ಜನ ಅಲ್ಲಿ ಸಭೆ ಮಾಡುತ್ತಿದ್ದರು, ಹಾಡು ಕೇಳುತ್ತಿದ್ದರು, ಸ್ನೇಹ ಬೆಳೆಸಿಕೊಂಡಿದ್ದರು. 2017ರಲ್ಲಿ ಮೈಕ್ರೋಸಾಫ್ಟ್ ಅದನ್ನು ಕೊಂಡಿತು. 2023ರ ಮಾರ್ಚ್‌ನಲ್ಲಿ ಮುಚ್ಚಿತು. ದಕ್ಷಿಣ ಕೊರಿಯಾದಲ್ಲಿ ಸಿಯೋಲ್ ನಗರದ ಆಡಳಿತವೇ ಒಂದು ವರ್ಚುವಲ್ ಸಿಯೋಲ್ ಮಾಡಿತು. ಸರ್ಕಾರಿ ಕೆಲಸಗಳನ್ನು ಅಲ್ಲೇ ಮಾಡಿಸಿಕೊಳ್ಳಬಹುದು ಎಂಬ ಆಸೆ. 2023ರ ಜನವರಿಯಲ್ಲಿ ತೆರೆದರು, 2024ರಲ್ಲಿ ಮುಚ್ಚಿದರು. ಹಣವಿದ್ದ, ಅಧಿಕಾರವಿದ್ದ ನಗರಕ್ಕೇ ಹೀಗಾಯಿತು. ಜನಕ್ಕೆ ಅಲ್ಲಿಗೆ ಮತ್ತೆ ಮತ್ತೆ ಹೋಗಲು ಕಾರಣ ಬೇಕು. ಕಾರಣ ಇಲ್ಲದೆ ಕಟ್ಟಿದ ಊರಲ್ಲಿ ಯಾರು ಉಳಿಯುತ್ತಾರೆ?

ಫೈರ್‌ಫಾಕ್ಸ್ ಬ್ರೌಸರ್ ಮಾಡುವ ಮೊಜಿಲ್ಲಾದವರ ಹಬ್ಸ್ ಎನ್ನುವ ಲೋಕದ ಕತೆ ಸ್ವಲ್ಪ ಬೇರೆ. ಅವರೂ 2024ರ ಮೇ ಕೊನೆಗೆ ಸೇವೆ ನಿಲ್ಲಿಸಿದರು. ಆದರೆ ಅದರ ಕೋಡ್, ಅಂದರೆ ಅದನ್ನು ನಡೆಸುವ ಪ್ರೋಗ್ರಾಂ, ಮೊದಲಿನಿಂದ ಎಲ್ಲರಿಗೂ ತೆರೆದಿತ್ತು. ಹಾಗಾಗಿ ಬಳಸುತ್ತಿದ್ದವರೇ ಒಂದು ಸಂಸ್ಥೆ ಮಾಡಿಕೊಂಡು ಮುಂದುವರಿಸಿದರು. ನೋಡಿ, ಅಂಗಡಿ ಮುಚ್ಚಿದರೂ ಊರು ಉಳಿಯಿತು.

ನನಗೂ ಪೆಟ್ಟು ಬಿದ್ದಿದೆ. ಲಾಕ್‌ಡೌನ್ ಕಾಲದಲ್ಲಿ ಒಂದು ಶಾಲೆಯ ಮಕ್ಕಳಿಗೆ ಅಂತ ನಾವು ಎಂಟು ತಿಂಗಳು ಕೂತು ಒಂದು ವಿಜ್ಞಾನದ ಕೋಣೆ ಕಟ್ಟಿದ್ದೆವು. ಅದು ಇನ್ನೊಬ್ಬರ ಆನ್‌ಲೈನ್ ವೇದಿಕೆಯ ಮೇಲಿತ್ತು. ಒಂದು ಬೆಳಿಗ್ಗೆ ಮೇಲ್ ಬಂತು, ಸೇವೆ ನಿಲ್ಲಿಸುತ್ತಿದ್ದೇವೆ ಅಂತ. ನಮ್ಮ ಕೆಲಸ ಹೊರಗೆ ತೆಗೆದುಕೊಳ್ಳುವ ದಾರಿಯೇ ಇರಲಿಲ್ಲ. ಮಕ್ಕಳು ಮಾಡಿದ್ದ ಚಿತ್ರಗಳೂ ಅದರೊಳಗೇ ಹೋದವು. ಆ ಶಾಲೆಗೆ ಫೋನ್ ಮಾಡಿ ಹೇಳುವುದಿತ್ತಲ್ಲ, ಅದನ್ನು ನಾನು ಮರೆತಿಲ್ಲ.

ಹಾಗಾಗಿ ಕಂಪನಿಯವರ ಹತ್ತಿರ ಬರವಣಿಗೆಯಲ್ಲಿ ಕೇಳಿ. ತ್ರೀಡಿ ಫೈಲುಗಳು ಮೂಲ ರೂಪದಲ್ಲಿ ನಮ್ಮ ಕೈಗೆ ಬರುತ್ತವಾ? ಜಿಎಲ್‌ಟಿಎಫ್ ರೂಪದಲ್ಲೂ ಬೇಕು ಅನ್ನಿ. ಅದು ಹೆಚ್ಚಿನ ಕಡೆ ತೆರೆಯುವ ಮುಕ್ತ ರೂಪ, ಈಗ ಅಂತಾರಾಷ್ಟ್ರೀಯ ಐಎಸ್‌ಒ ಮಾನದಂಡವೂ ಆಗಿದೆ. ಹೆಡ್‌ಸೆಟ್ ಇಲ್ಲದವರು ಮೊಬೈಲ್ ಬ್ರೌಸರಿನಲ್ಲಿ ನೋಡಲು ಆಗುತ್ತದಾ? ನೀವು ಅಂಗಡಿ ಮುಚ್ಚಿದರೆ ನಮ್ಮ ಊರಿಗೆ ಏನಾಗುತ್ತದೆ? ಈ ಕೊನೆಯ ಪ್ರಶ್ನೆಗೆ ತಡವರಿಸಿದರೆ ಅಲ್ಲಿಗೇ ಬಿಟ್ಟುಬಿಡಿ. ಮೂರು ಲಕ್ಷಕ್ಕೆ 'ಪೂರ್ತಿ ಕರಾವಳಿ' ಎನ್ನುವ ಮಾತನ್ನೂ ನಾನು ನಂಬುವುದಿಲ್ಲ. ಎಲ್ಲೋ ರೆಡಿಮೇಡ್ ಸಿಗುವ ತೆಂಗಿನಮರ, ಹೆಂಚಿನ ಮನೆ ಹಾಕಿ ಕೊಡುತ್ತಾರೆ. ಅದು ಕೇರಳವೂ ಆಗಬಹುದು, ಗೋವಾವೂ ಆಗಬಹುದು. ನಿಮ್ಮ ಮಾವನ ಊರು ಮಾತ್ರ ಆಗುವುದಿಲ್ಲ.

ಅದರ ಬದಲು ಒಂದೇ ಮನೆ ಮಾಡಿ. ಸಂಘದ ಯಾರದಾದರೂ ನಿಜವಾದ ಮನೆ. ಮೇ ರಜೆಯಲ್ಲಿ ಊರಿಗೆ ಹೋಗುವ ಮಕ್ಕಳೇ ಫೋಟೊ ತೆಗೆದು ತರಲಿ. ಫೋಟೊಗಳಿಂದ ತ್ರೀಡಿ ಮಾಡುವ ವಿಧಾನಕ್ಕೆ ಫೋಟೊಗ್ರಾಮೆಟ್ರಿ ಅನ್ನುತ್ತಾರೆ. ಒಂದು ತುಳಸಿಕಟ್ಟೆಗೆ ನೂರು ಇನ್ನೂರು ಫೋಟೊ ಬೇಕು. ಸುತ್ತ ನಡೆಯುತ್ತಾ ತೆಗೆಯಬೇಕು, ಒಂದು ಫೋಟೊದಲ್ಲಿ ಕಂಡದ್ದರ ಮುಕ್ಕಾಲು ಪಾಲು ಮುಂದಿನದರಲ್ಲೂ ಕಾಣಬೇಕು. ಒಮ್ಮೆ ಎದೆಯ ಎತ್ತರದಿಂದ, ಒಮ್ಮೆ ಕುಕ್ಕರುಗಾಲಲ್ಲಿ ಕೂತು. ಬಿಸಿಲು ನೆತ್ತಿಗೇರಿದಾಗ ಬೇಡ. ಗಟ್ಟಿ ನೆರಳು ಕಟ್ಟೆಗೆ ಬಳಿದ ಬಣ್ಣದ ಹಾಗೆ ಅಂಟಿಕೊಂಡುಬಿಡುತ್ತದೆ. ಮೋಡ ಇರುವ ಬೆಳಿಗ್ಗೆ ಒಳ್ಳೆಯದು. ಹೊಳೆಯುವ ಹಿತ್ತಾಳೆ ಪಾತ್ರೆ, ಬಾವಿಯ ನೀರು, ಕನ್ನಡಿ ಸರಿಯಾಗಿ ಬರುವುದಿಲ್ಲ, ಅವನ್ನು ಆಮೇಲೆ ಕೈಯಿಂದ ಮಾಡಬೇಕು. ಮೆಶ್‌ರೂಮ್, ಬ್ಲೆಂಡರ್ ಎನ್ನುವ ತಂತ್ರಾಂಶಗಳು ಪೂರ್ತಿ ಉಚಿತ. ಕಾಲೇಜಿಗೆ ಹೋಗುವ ಇಬ್ಬರು ಹುಡುಗರು ಆಸಕ್ತಿ ಇಟ್ಟರೆ ಒಂದು ಮಳೆಗಾಲದಲ್ಲಿ ಕಲಿಯುತ್ತಾರೆ. ದುಡ್ಡಿನ ಒಂದು ಭಾಗವನ್ನು ಆ ಹುಡುಗರಿಗೇ ಕೊಡಿ, ಅದು ಸಂಘದಲ್ಲೇ ಉಳಿಯುವ ವಿದ್ಯೆ. ಮೂಲ ಫೋಟೊಗಳನ್ನು ಎರಡು ಹಾರ್ಡ್‌ಡಿಸ್ಕಿನಲ್ಲಿ, ಎರಡು ಬೇರೆ ಮನೆಯಲ್ಲಿ ಇಡಿ.

ಪ್ಯಾರಿಸ್ಸಿನ ನೋತ್ರ್ ದಾಮ್ ಚರ್ಚಿಗೆ 2019ರಲ್ಲಿ ಬೆಂಕಿ ಬಿತ್ತು. ಅದಕ್ಕೆ ಎಷ್ಟೋ ವರ್ಷ ಮೊದಲೇ ಆಂಡ್ರೂ ಟ್ಯಾಲನ್ ಎಂಬ ಕಲಾ ಇತಿಹಾಸಕಾರ ಅದನ್ನು ಲೇಸರಿನಿಂದ ಅಳೆದಿಟ್ಟಿದ್ದರು. ದುರಸ್ತಿಗೆ ಆ ಅಳತೆಗಳು ನೆರವಾದವು. ನಮ್ಮಲ್ಲೂ ಕೇಂದ್ರ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ ಹಂಪಿಯನ್ನು ಡಿಜಿಟಲ್ ಮಾಡುವ ಯೋಜನೆ ತೆಗೆದುಕೊಂಡಿತ್ತು, ಹುಬ್ಬಳ್ಳಿಯ ಬಿವಿಬಿ ಕಾಲೇಜಿನವರೂ ಅದರಲ್ಲಿ ದುಡಿದರು. ಹಂಪಿಗೆ ಯಾರಾದರೂ ಇದ್ದಾರೆ. ನಿಮ್ಮ ಮಾವನ ಮನೆಯ ಚಾವಡಿಗೆ ನೀವೇ ಆಗಬೇಕು.

ಒಂದು ಎಚ್ಚರ. ಮನೆಯ ಹತ್ತಿರ ದೈವಸ್ಥಾನ, ನಾಗಬನ ಇರಬಹುದು. ಅದನ್ನು ಸ್ಕ್ಯಾನ್ ಮಾಡುವ ಮೊದಲು ಮನೆತನದವರನ್ನೂ ಊರವರನ್ನೂ ಕೇಳಿ. ಬೇಡ ಅಂದರೆ ಬೇಡ. ಅಲ್ಲಿ ಚಪ್ಪಲಿ ಬಿಟ್ಟು ನಿಲ್ಲುವ ಜನ ನಾವು. ಯಾರೋ ಹುಡುಗ ಹೆಡ್‌ಸೆಟ್ ಹಾಕಿಕೊಂಡು ಅದರ ಮೇಲೆ ಹತ್ತಿ ಕುಣಿಯುವ ಹಾಗೆ ಆಗಬಾರದು. ವರ್ಚುವಲ್ ಊರಲ್ಲಿ ಅಲ್ಲಿಗೆ ಹೋಗುವ ದಾರಿ ಬೇಲಿಯ ಹತ್ತಿರ ನಿಂತುಬಿಡಲಿ, ಅದರಿಂದ ಏನೂ ಕಡಿಮೆಯಾಗುವುದಿಲ್ಲ.

ಮಕ್ಕಳು ಹಾಳಾಗುತ್ತಾರೆ ಅನ್ನುವವರ ಭಯವನ್ನು ನಾನು ತಳ್ಳಿಹಾಕುವುದಿಲ್ಲ. ಎಲ್ಲರಿಗೂ ತೆರೆದ ಲೋಕಗಳಲ್ಲಿ ಅಪರಿಚಿತರು ಬರುತ್ತಾರೆ, ಕೆಟ್ಟ ಮಾತಾಡುತ್ತಾರೆ, ಮೈಮೇಲೆ ಬಂದ ಹಾಗೆ ಹತ್ತಿರ ಬರುತ್ತಾರೆ. ಹೆಂಗಸರು ದೂರಿದ ಮೇಲೆ 2022ರಲ್ಲಿ ಫೇಸ್‌ಬುಕ್‌ನ ಒಡೆಯ ಕಂಪನಿ ಮೆಟಾ ತನ್ನ ವರ್ಚುವಲ್ ಲೋಕದಲ್ಲಿ ಒಬ್ಬರಿಗೊಬ್ಬರ ನಡುವೆ ಸುಮಾರು ನಾಲ್ಕು ಅಡಿ ಅಂತರ ಇರುವ ಹಾಗೆ ಮಾಡಿತು. ನೋಡಿ, ಇದನ್ನು ಕಟ್ಟುವಾಗಲೇ ಯೋಚಿಸಬೇಕಿತ್ತು ಅಲ್ವಾ? ನಿಮ್ಮ ಊರಿಗೆ ಹೊರಗಿನವರು ಬರುವುದೇ ಬೇಡ. ಸಂಘದ ಸದಸ್ಯರಿಗೆ ಮಾತ್ರ ಬಾಗಿಲು ತೆರೆಯಲಿ. ಮಕ್ಕಳು ಒಳಗಿದ್ದಾಗ ಒಬ್ಬ ದೊಡ್ಡವರು ಒಳಗೇ ಇರಲಿ.

ಇನ್ನೊಂದು ಅಪಾಯ ಕಣ್ಣಿಗೆ ಕಾಣುವುದಿಲ್ಲ. ಹೆಡ್‌ಸೆಟ್ ಪ್ರತಿ ಕ್ಷಣ ನಿಮ್ಮ ತಲೆ, ಕೈ ಎಲ್ಲಿದೆ ಅಂತ ಅಳೆಯುತ್ತಿರುತ್ತದೆ. ನಡಿಗೆ ನೋಡಿಯೇ ದೂರದಿಂದ ಇಂಥವರು ಅಂತ ನಾವು ಗುರುತು ಹಿಡಿಯುತ್ತೇವಲ್ಲ, ಹಾಗೆ. 2023ರಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿಯ ಸಂಶೋಧಕರು ವಿಆರ್ ಆಟ ಆಡುವ 55 ಸಾವಿರಕ್ಕೂ ಹೆಚ್ಚು ಜನರ ಚಲನೆಯನ್ನು ಪರೀಕ್ಷಿಸಿದರು. ಬರೀ 100 ಸೆಕೆಂಡಿನ ಚಲನೆ ನೋಡಿ ಅವರಲ್ಲಿ 94% ಜನರನ್ನು ಕಂಪ್ಯೂಟರ್ ಗುರುತಿಸಿತು. ಹೆಸರು ಹೇಳದಿದ್ದರೂ ಕೈ ಬೀಸುವ ರೀತಿಯೇ ಹೆಸರು ಹೇಳುತ್ತದೆ. ನಮ್ಮ ದೇಶದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ 18 ವರ್ಷದೊಳಗಿನವರು ಮಕ್ಕಳು. ಅವರ ಮಾಹಿತಿ ಬಳಸಲು ತಂದೆ ತಾಯಿಯ ಒಪ್ಪಿಗೆ ಬೇಕು, ಅವರನ್ನು ಹಿಂಬಾಲಿಸಿ ಜಾಹೀರಾತು ತೋರಿಸುವ ಹಾಗಿಲ್ಲ. ಮಕ್ಕಳ ಚಲನೆಯನ್ನು ಎಲ್ಲೂ ಕೂಡಿಡುವುದಿಲ್ಲ ಅಂತ ಕಂಪನಿಯ ಜೊತೆಗಿನ ಒಪ್ಪಂದದಲ್ಲೇ ಬರೆಸಿಕೊಳ್ಳಿ.

ಮಗನ ವಿಷಯ. ಮೆಟಾದ ಹೆಡ್‌ಸೆಟ್‌ಗಳಿಗೆ ಈಗ 10 ವರ್ಷದಿಂದ ಅವಕಾಶ ಇದೆ, ಆದರೆ 13 ಆಗುವವರೆಗೆ ತಂದೆ ತಾಯಿ ನೋಡಿಕೊಳ್ಳುವ ಖಾತೆಯಲ್ಲಿ ಮಾತ್ರ. ನನ್ನ ಲೆಕ್ಕ ಇಪ್ಪತ್ತು ನಿಮಿಷ, ಆಮೇಲೆ ಹೊರಗೆ. ಒಳಗಿನ ಪರದೆಗೆ ಕಣ್ಣು ಒಂದೇ ದೂರದಲ್ಲಿ ನಿಲ್ಲಬೇಕು, ವಸ್ತು ಮಾತ್ರ ಹತ್ತಿರ ದೂರ ಕಾಣುತ್ತದೆ. ಕಣ್ಣು ದಣಿಯುವುದು ಅದಕ್ಕೇ. ಅವನು ನೋಡುತ್ತಿರುವುದು ಟಿವಿಯಲ್ಲೂ ಕಾಣುವ ಹಾಗೆ ಹಾಕಿಡಿ. ನೀವು ಅಡುಗೆಮನೆಯಿಂದಲೇ ಕಣ್ಣಿಡಬಹುದು. ಡೊಂಬಿವಲಿಯ ಮನೆಗಳಲ್ಲಿ ಕೈ ಬೀಸಲು ಜಾಗ ಎಲ್ಲಿದೆ? ನಿಂತಾಡುವುದಕ್ಕೆ ಎರಡು ಮೀಟರ್ ಚೌಕವಾದರೂ ಖಾಲಿ ಬೇಕು. ಇಲ್ಲದಿದ್ದರೆ ಕೂತು ನೋಡುವ ವ್ಯವಸ್ಥೆ ಹಾಕಿ.

ಮುಂಬಯಿಯಲ್ಲಿ ಕನ್ನಡಿಗರು ರಾತ್ರಿ ಶಾಲೆ ನಡೆಸಿದ್ದು ನೆನಪಿರಲಿ. ಹಗಲು ಹೋಟೆಲಲ್ಲಿ ಟೇಬಲ್ ಒರೆಸುವ ಹುಡುಗರಿಗೆ ಬಿಡುವಾಗುವುದು ರಾತ್ರಿ, ಶಾಲೆಯೂ ರಾತ್ರಿಯೇ ತೆರೆಯಿತು. ನಿಮ್ಮ ಹೆಡ್‌ಸೆಟ್‌ಗಳೂ ಯಾರಿಗೆ ಯಾವಾಗ ಬಿಡುವೋ ಆಗ ಸಿಗಲಿ. ಬರೀ ವಾರ್ಷಿಕೋತ್ಸವದ ದಿನ ಅತಿಥಿಗಳಿಗೆ ತೋರಿಸುವುದಕ್ಕೆ ಅಂತ ಆಗಬಾರದು. ತಿಂಗಳಿಗೆ ಎರಡು ಭಾನುವಾರ, ಒಬ್ಬರು ಜವಾಬ್ದಾರಿ ಹೊತ್ತು ಕೂರಲಿ. ಸರ್ಕಾರಗಳೂ ಈಗ ಇದಕ್ಕೆ ಹಣ ಹಾಕುತ್ತಿವೆ. ಕರ್ನಾಟಕಕ್ಕೆ 2024ರಿಂದ 2029ರವರೆಗಿನ ಒಂದು ನೀತಿ ಇದೆ, ಮುಂಬಯಿಯಲ್ಲೂ 2025ರಲ್ಲಿ ಈ ವಿದ್ಯೆ ಕಲಿಸಲು ಐಐಸಿಟಿ ಎಂಬ ಸಂಸ್ಥೆ ಶುರುವಾಗಿದೆ. ಕಟ್ಟುವವರು ಬೇಕಾದಷ್ಟು ಜನ ಬರುತ್ತಾರೆ. ಹೀಗೆ ಕೂತು ನೋಡಿಕೊಳ್ಳುವವರಿಗೆ ಯಾರೂ ಪಗಾರ ಇಟ್ಟಿಲ್ಲ. ನಿಮ್ಮ ಬಜೆಟ್ಟಿನಲ್ಲಿ ಅದಕ್ಕೊಂದು ಸಾಲು ಹಾಕಿ.

ಹೆಡ್‌ಸೆಟ್ ಬಂದ ಮೇಲೆ ಬಾಲ್ಕನಿಯ ಬಿಸಿಲಲ್ಲಿ ಇಡಬೇಡಿ. ಅದರ ಲೆನ್ಸ್ ಭೂತಗನ್ನಡಿಯ ಹಾಗೆ ಬಿಸಿಲನ್ನು ಒಂದೇ ಕಡೆ ಸೇರಿಸಿ ಒಳಗಿನ ಪರದೆಯನ್ನು ಸುಟ್ಟುಬಿಡುತ್ತದೆ. ಮಳೆಗಾಲದಲ್ಲಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿ ಇಡಿ. ಲೆನ್ಸನ್ನು ಒಣ ಮೆತ್ತನೆ ಬಟ್ಟೆಯಿಂದ ಮಾತ್ರ ಒರೆಸಿ.

ಮಾವನಿಗೆ ಹಾಕುವ ಮೊದಲು ಅವರ ಡಾಕ್ಟರನ್ನು ಒಂದು ಮಾತು ಕೇಳಿ. ಪೇಸ್‌ಮೇಕರ್ ಇದ್ದರೆ, ತಲೆಸುತ್ತು, ಫಿಟ್ಸ್ ಇದ್ದರೆ ಕೇಳಲೇಬೇಕು. ಕೈ ಇರುವ, ಗಾಲಿ ಇಲ್ಲದ ಕುರ್ಚಿಯಲ್ಲಿ ಕೂರಿಸಿ. ಒಳಗೆ ಜಾರುತ್ತಾ ಮುಂದೆ ಹೋಗುವ ಚಲನೆ ಬೇಡ. ಕಣ್ಣು ನಡೆಯುತ್ತಿದ್ದೇನೆ ಅನ್ನುತ್ತದೆ, ಕಿವಿಯೊಳಗಿನ ಸಮತೋಲದ ಅಂಗ ಕೂತಿದ್ದೇನೆ ಅನ್ನುತ್ತದೆ, ಆಗ ವಾಕರಿಕೆ ಬರುತ್ತದೆ. ಅಂಗಳದಲ್ಲಿ ಒಂದು ಕಡೆ, ಚಾವಡಿಯಲ್ಲಿ ಒಂದು ಕಡೆ ಸುಮ್ನೆ ಕೂತು ನೋಡುವ ಹಾಗಿದ್ದರೆ ಸಾಕು. ಮೊದಲ ಸಲ ಐದು ನಿಮಿಷ. ಮಗ ಎರಡನೇ ಹೆಡ್‌ಸೆಟ್ಟಿನಲ್ಲಿ ಜೊತೆಗಿರಲಿ.

ಇದೆಲ್ಲ ಆಗುವುದಕ್ಕೆ ಇನ್ನೂ ತಿಂಗಳುಗಳು ಇವೆ. ಈ ವಾರವೇ ಮಾಡಬಹುದಾದ ಕೆಲಸ ಒಂದಿದೆ. ಒಂದು ದೊಡ್ಡ ಹಾಳೆ, ಪೆನ್ಸಿಲ್ ಕೊಟ್ಟು ಮಗನನ್ನು ಮಾವನ ಪಕ್ಕ ಕೂರಿಸಿ. ಊರಿನ ಮನೆಯ ನಕ್ಷೆ ಇಬ್ಬರೂ ಸೇರಿ ಬರೆಯಲಿ. ಚಾವಡಿ, ಅಡುಗೆಮನೆ, ಹಟ್ಟಿ, ತೋಟಕ್ಕೆ ಇಳಿಯುವ ದಾರಿ, ಬಾವಿ ಯಾವ ಕಡೆ. ಫೋನಿನಲ್ಲಿ ರೆಕಾರ್ಡಿಂಗ್ ಹಾಕಿ ಮೇಜಿನ ಮೇಲಿಡಿ. ಆ ಹಾಳೆಯನ್ನು ಮುಂದಿನ ಕಮಿಟಿ ಮೀಟಿಂಗಿಗೆ ತೆಗೆದುಕೊಂಡು ಹೋಗಿ.